ಇನ್ನೊಬ್ಬಳ ಹೆಸರಿಗೆ ಓಗೊಟ್ಟವಳು

ಅಧಿಕಮಾಸ ಬಂತೆಂದರೆ ಮಾನ್ವಿಯ ವಾದಿರಾಜಾಚಾರ್ಯರು ಯಾತ್ರೆಗೆ ಗಾಡಿ ಕಟ್ಟಿಸುತ್ತಿದ್ದರು. ಮಲ್ಲಟದ ಮೇಲೆ ಹಾಯ್ದು ದೇವದುರ್ಗ, ಅಲ್ಲಿಂದ ಮುಂದೆ ಕೃಷ್ಣಾ ನದಿ, ನದಿಯ ನಡುಗಡ್ಡೆಯಲ್ಲಿ ಹನುಮಪ್ಪನ ಗುಡಿ. ನಸುಕಿನಲ್ಲಿ ಹರಿಗೋಲು ಹತ್ತಿ ಹೋಗಿ, ಸ್ನಾನ ಮಾಡಿ, ಬಿಸಿಲೇರುವುದರೊಳಗೆ ತಿರುಗಿ ಬರುವುದು ಪದ್ಧತಿ. ಆಚಾರ್ಯರಿಗೆ ಮಂತ್ರವೆಲ್ಲ ಬಾಯಲ್ಲಿತ್ತು, ಆದರೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗಿರುವುದು ಮನುಷ್ಯನೋ ಕಂಬವೋ ತಿಳಿಯುತ್ತಿರಲಿಲ್ಲ. ಅದಕ್ಕೇ ಅವರು ಜನರನ್ನು ದನಿಯಿಂದ ಎಣಿಸುತ್ತಿದ್ದರು. ಒಬ್ಬೊಬ್ಬರ ಹೆಸರು ಕೂಗುವುದು, ಅವರು ‘ಓ’ ಅನ್ನುವುದು. ‘ಓ’ ಅಂದವರು ಇದ್ದಾರೆ, ಅನ್ನದವರು ಇಲ್ಲ. ಕಣ್ಣು ಕಾಣದವರು ಯಾತ್ರೆ ನಡೆಸಬಹುದು, ಕಿವಿ ಕೇಳದವರು ಮಾತ್ರ ಬರಬಾರದು, ನೋಡಿ ಎಂಥ ನ್ಯಾಯ!

ಕಿವುಡರು ಬೇಡವೆಂಬ ಕಟ್ಟಳೆ ಹುಟ್ಟಿದ್ದು ೧೯೪೨ರ ಅಧಿಕ ಜ್ಯೇಷ್ಠದಲ್ಲಿ. ಆ ಸಲ ಸರಸ್ವತಿಬಾಯಿ ಎಂಬ ಹುಟ್ಟುಕಿವುಡಿ ಜೊತೆಗಿದ್ದಳು. ಅವಳಿಗೆ ಮಾತು ಬರುತ್ತಿರಲಿಲ್ಲ, ದಪ್ಪ ನಾಲಿಗೆಯಿಂದ ಒಂದು ‘ಓ’ ಮಾತ್ರ ಹೊರಡುತ್ತಿತ್ತು. ಅವಳ ಹೆಸರು ಕೂಗಿದಾಗ ಓಣಿಯ ಗೆಳತಿ ಅನಸೂಯಾಬಾಯಿ ಮೊಣಕೈಯಿಂದ ತಿವಿಯಬೇಕು, ಅವಳು ‘ಓ’ ಅನ್ನಬೇಕು, ಹೀಗೆ ಗೊತ್ತು ಮಾಡಿಕೊಂಡಿದ್ದರು. ನಡುಗಡ್ಡೆಯಲ್ಲಿ ಹೆಸರು ಕೂಗಿದಾಗ ಪಕ್ಕದಲ್ಲಿ ಸರಸ್ವತಿಬಾಯಿ ಇರಲಿಲ್ಲ. ಗುಡಿಯ ಹಿಂದೆ ಸೀರೆ ಹಿಂಡುತ್ತಿರಬೇಕು, ಈಗ ಬಂದಾಳು, ಸುಮ್ಮನೆ ಆಚಾರ್ಯರ ಕೈಲಿ ಬೈಸಿಕೊಳ್ಳುವುದು ಯಾಕೆ ಎಂದುಕೊಂಡು ಅನಸೂಯಾಬಾಯಿ ಅವಳ ದನಿ ಮಾಡಿ ತಾನೇ ‘ಓ’ ಅಂದಳು.

ದಂಡೆಗೆ ಬಂದು ನೋಡಿದರೆ ಸರಸ್ವತಿಬಾಯಿ ಇಲ್ಲ. "ಓ ಅಂದಾಳ, ನಾನ ಕೇಳೀನಿ. ಹತ್ತಿದಾಕಿ ನಡುವ ನೀರಿಗೆ ಬಿದ್ದಿರಬೇಕು" ಎಂದರು ಆಚಾರ್ಯರು. ಎಲ್ಲರೂ ಹೊಳೆ ಹರಿಯುವ ದಿಕ್ಕಿನಲ್ಲೆಲ್ಲ ಹುಡುಕಿದರು. ನಡುಗಡ್ಡೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಅನಸೂಯಾಬಾಯಿಗೆ ಒಂದು ಮಾತು ಹೇಳಲು ಅರ್ಧ ದಿನ ಸಮಯವಿತ್ತು. ಈಗ ಹೇಳುತ್ತೇನೆ, ಇನ್ನೊಂದು ಗಳಿಗೆಗೆ ಹೇಳುತ್ತೇನೆ ಎನ್ನುತ್ತ ನಾಚಿಕೆಯಿಂದ, ಹೆದರಿಕೆಯಿಂದ ಬಾಯಿ ಕಟ್ಟಿಕೊಂಡು ಕೂತಳು. ಮಧ್ಯಾಹ್ನ ಮೇಲಿನಿಂದ ಕೆಂಪು ನೀರು ಬಂದು ನಡುಗಡ್ಡೆ ಮುಳುಗಿತು.

ಆಮೇಲಿನ ಮೂರು ವರ್ಷ ಅವಳು ಹೊಟ್ಟೆ ತುಂಬ ಉಣ್ಣಲಿಲ್ಲ. ‘ಕಿವುಡರನ್ನ ಕರಕೊಂಡು ಹೋದರ ಹಿಂಗ ಆಗ್ತದ’ ಎಂದು ಊರು ಆಡಿಕೊಂಡಾಗಲೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದಳು.

೧೯೪೫ರ ಅಧಿಕ ಚೈತ್ರಕ್ಕೆ ರಾಯಚೂರಿನಿಂದ ಅವಳ ಅಕ್ಕನ ಮಗಳು ವಿಜಯಾಬಾಯಿ ಮೋಟಾರು ಹತ್ತಿ ಬಂದಿಳಿದಳು. ಹನ್ನೆರಡನೆಯ ವಯಸ್ಸಿನಲ್ಲಿ ವಿಷಮಜ್ವರ ಬಂದು ಕಿವಿ ಹೋಗಿತ್ತು. ಮಾತು ಉಳಿದಿತ್ತು, ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದಳು.

"ಮೌಶಿ, ನಾನೂ ಯಾತ್ರಾಕ್ಕ ಬರ್ತೀನಿ. ಕಿವಿ ಇಲ್ಲದಾಕಿಗೆ ಪುಣ್ಯಾನೂ ಇಲ್ಲೇನು?"

ಆಚಾರ್ಯರು ಖಡಾಖಂಡಿತ ಆಗದು ಎಂದರು. "ಒಬ್ಬಾಕಿನ್ನ ಕೃಷ್ಣವ್ವಗ ಕೊಟ್ಟದ್ದು ಸಾಕಾಗಿಲ್ಲೇನು, ಅನಸೂಯಾ?"

ಆ ಮಾತು ಎದೆಗೆ ನಾಟಿತು. "ಆಕಿ ಜವಾಬ್ದಾರಿ ನಂದು, ಆಚಾರ್ರ. ಆಕಿ ಜೀವಕ್ಕ ನನ್ನ ಜೀವ" ಎಂದು ಅನಸೂಯಾಬಾಯಿ ಹಟ ಹಿಡಿದು ಒಪ್ಪಿಸಿದಳು. ಇಬ್ಬರ ಮಣಿಕಟ್ಟಿಗೂ ಒಂದೇ ದಾರ ಕಟ್ಟಿದಳು. ಒಮ್ಮೆ ಎಳೆದರೆ ನಿಲ್ಲು, ಎರಡು ಸಲ ಎಳೆದರೆ ನಿನ್ನ ಹೆಸರು ಕೂಗುತ್ತಿದ್ದಾರೆ. ಕತ್ತಲಲ್ಲಿ ಅವಳೊಡನೆ ಮಾತನಾಡುವವರು ಕಂದೀಲನ್ನು ತಮ್ಮ ಮುಖಕ್ಕೆ ಹಿಡಿದುಕೊಳ್ಳಬೇಕೆಂದು ಗಾಡಿಯವರಿಗೆಲ್ಲ ತಾಕೀತು ಮಾಡಿದಳು. ದೇವದುರ್ಗ ಮುಟ್ಟುವಷ್ಟರಲ್ಲಿ ಎಲ್ಲರಿಗೂ ಅದು ರೂಢಿಯಾಗಿ, ವಿಜಯಾ ಗಾಡಿಯ ತುಂಬ ನಗೆಚಾಟಿಕೆ ಮಾಡುತ್ತ ಕೂತಿದ್ದಳು. ಇಷ್ಟು ಸುಲಭವಿತ್ತಲ್ಲ, ಸರಸ್ವತಿಗೂ ಒಂದು ಗೇಣು ದಾರ ಕಟ್ಟಿದ್ದರೆ ಸಾಕಿತ್ತಲ್ಲ ಎಂದು ಅನಸೂಯಾಬಾಯಿಗೆ ಅಳು ಬಂತು.

ಚೈತ್ರದಲ್ಲಿ ಹೊಳೆಯ ಮೇಲೆ ಮಂಜು ಬೀಳುವುದಿಲ್ಲ. ಆ ಬೆಳಗ್ಗೆ ಬಿದ್ದಿತ್ತು. ಅಂಬಿಗರ ಮಾರೆಪ್ಪ ಹುಟ್ಟು ಹಿಡಿದು ನಿಂತವನು ಆಕಾಶ ನೋಡಿ, "ಇದು ಚಲೋ ಕಾಣವಲ್ದು, ಯಪ್ಪಾ. ಲಗೂನ ಮುಗಿಸ್ಕೊಂಡು ಬರ್ರಿ. ಆ ಕಡಿ ಮಡುವಿನ್ಯಾಗ ಮಸಳಿ ಅದಾವ" ಎಂದ. ಆಚಾರ್ಯರನ್ನು ಬಿಟ್ಟು ಹನ್ನೊಂದು ಜನ ನಡುಗಡ್ಡೆಗೆ ಇಳಿದರು.

ಸ್ನಾನವಾಯಿತು. ಒದ್ದೆ ಸೀರೆ ಬದಲಿಸಲು ದಾರ ಬಿಚ್ಚಲೇಬೇಕಾಯಿತು. ಅನಸೂಯಾಬಾಯಿ ಉಟ್ಟು ಮುಗಿಸಿ ತಿರುಗಿದಾಗ ವಿಜಯಾ ನಿಂತಿದ್ದ ಕಡೆ ಬರೀ ಮಂಜು. ಅಷ್ಟರಲ್ಲಿ ಆಚಾರ್ಯರು ಹೆಸರು ಕೂಗಲು ಶುರು ಮಾಡಿದ್ದರು. ಒಂದೊಂದೇ ‘ಓ’ ಬರುತ್ತಿತ್ತು. ಅವಳು ತನ್ನ ಹೆಸರಿಗೆ ಓಗೊಟ್ಟು, ದಾರ ಹಿಡಿದುಕೊಂಡು ಗುಡಿ ಸುತ್ತ ಓಡಾಡಿದಳು.

"ವಿಜಯಾಬಾಯೀ!"

ತಡೀರಿ ಆಚಾರ್ರ ಎನ್ನಲು ಅನಸೂಯಾಬಾಯಿ ಬಾಯಿ ತೆರೆಯುವ ಮೊದಲೇ, ಗುಡಿಯ ಹಿಂದಿನಿಂದ ಯಾರೋ ಅಂದರು:

"ಓ."

ದಪ್ಪ ನಾಲಿಗೆಯ ‘ಓ’. ವಿಜಯಾಳದಲ್ಲ. ಸರಸ್ವತಿಯದೂ ಅಲ್ಲ. ಸರಸ್ವತಿಯ ದನಿ ಮಾಡಿ ಮೂರು ವರ್ಷದ ಹಿಂದೆ ತಾನು ಅಂದದ್ದು ಅದು. ತನ್ನ ದನಿ ತನಗೆ ತಿಳಿಯದೇ?

"ಹನ್ನೊಂದೂ ಆತು. ಹತ್ರಿ, ಹತ್ರಿ" ಎಂದರು ಆಚಾರ್ಯರು. ಹಿಂದಿನವರು ದೂಡಿದರು, ಮುಂದಿನವರು ಎಳೆದರು. ಅವಳು ಹರಿಗೋಲಿನಲ್ಲಿ ಕೂತಿದ್ದಳು. ನಾಲಿಗೆ ಅಂಗುಳಕ್ಕೆ ಅಂಟಿತ್ತು. ನಡುಗಡ್ಡೆ ಮಂಜಿನಲ್ಲಿ ಕರಗಿತು. ಹೊಳೆಯ ನಡುವೆ ಅವಳು ಕೈ ಚಾಚಿ ಒಬ್ಬೊಬ್ಬರನ್ನೂ ಮುಟ್ಟಿ ನೋಡಿದಳು. ತನ್ನನ್ನು ಸೇರಿಸಿ ಹತ್ತೇ ಜನ.

"ವಿಜಯಾ ಇಲ್ಲ! ಹರಿಗೋಲು ತಿರುಗಿಸ್ರಿ!"

"ಇರಲಾರದ ಏನು? ಓ ಅಂದಾಳ, ನಾನ ಕೇಳೀನಿ" ಎಂದರು ಆಚಾರ್ಯರು. ಮೂರು ವರ್ಷದ ಹಿಂದಿನ ಅದೇ ಮಾತು. ಮಾರೆಪ್ಪನ ಕೈ ನಿಂತಿತು. "ಬಿದ್ದಿದ್ರ ಸಪ್ಪಳ ಆಗ್ತಿತ್ತಲ್ಲ, ಯವ್ವಾ?"

ಈಗಲೂ ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಎಲ್ಲರೂ ಹಿಂದಿನಂತೆ ನೀರಿನಲ್ಲೇ ಹುಡುಕುತ್ತಿದ್ದರು, ಆ ಹುಡುಗಿ ದೋಣಿ ಹೋದದ್ದು ಕಂಡು ಮಡುವಿಗೆ ಇಳಿಯುತ್ತಿದ್ದಳು. ಅನಸೂಯಾಬಾಯಿ ಎದ್ದು ನಿಂತಳು. ಹರಿಗೋಲು ಓಲಾಡಿತು.

"ಓ ಅಂದಾಕಿ ವಿಜಯಾ ಅಲ್ರೀ. ಆವತ್ತೂ ಸರಸ್ವತಿ ಅಂದಿದ್ದಿಲ್ಲ. ಆಕಿ ಬದ್ಲಿ ನಾನು ಅಂದೆ. ಆಕಿ ಹೊಳ್ಯಾಗ ಬೀಳಲಿಲ್ಲ, ನಾವು ನಡುಗಡ್ಡಿ ಮ್ಯಾಲೆ ಬಿಟ್ಟು ಬಂದ್ವಿ. ನನಗ ಗೊತ್ತಿತ್ತು. ಬಾಯಿ ಬಿಡಲಿಲ್ಲ. ನಾನು ಕೊಂದೆ ಆಕಿನ್ನ."

ಆಚಾರ್ಯರ ಪೊರೆ ಬಂದ ಕಣ್ಣಿನಿಂದ ನೀರಿಳಿಯಿತು. "ತಿರುಗಿಸೋ, ಮಾರೆಪ್ಪ" ಎಂದರು ಮೆಲ್ಲಗೆ.

ವಿಜಯಾ ಮಡುವಿನ ಅಂಚಿನ ಬಂಡೆಯ ಮೇಲೆ ಕೂತಿದ್ದಳು. ಮೊಣಕಾಲವರೆಗೆ ಸೀರೆ ತೊಯ್ದಿತ್ತು, ಮುಖದಲ್ಲಿ ಗಾಬರಿ ಇರಲಿಲ್ಲ. ಅನಸೂಯಾಬಾಯಿ ಓಡಿಹೋಗಿ ತಬ್ಬಿಕೊಂಡು ಗೊಳೋ ಎಂದು ಅತ್ತಳು. ಆಮೇಲೆ ಕಂದೀಲನ್ನು ತನ್ನ ಮುಖಕ್ಕೆ ಹಿಡಿದು, "ನೀರಿಗೆ ಇಳಿದಿದ್ದೇನ?" ಎಂದು ಕೇಳಿದಳು.

"ಇಳಿದಿದ್ದೆ, ಮೌಶಿ. ಒಬ್ಬಾಕಿ ಹಿಂದಿಂದ ಬಂದು ಕೈ ಹಿಡಿದು ಜಗ್ಗಿದಳು. ಆಕಿನೂ ನನ್ಹಂಗ, ಕಿವಿ ಇಲ್ಲ, ಕೈಲೇ ಮಾತಾಡ್ತಾಳ. ಇಲ್ಲೇ ಕೂಡು, ಹೋಗಬ್ಯಾಡ ಅಂತ ಕೂಡಿಸಿದಳು. ಈಗ ಹರಿಗೋಲು ಬರೂದು ಕಂಡಿತಲ್ಲ, ಆಗ ಆಕಿ ಒಂದು ಹೇಳಿದಳು."

"ಏನಂದಳು?"

"ಬಿಟ್ಟುಹೋದ ದೋಣಿ ತಿರುಗಿ ಬಂದದ್ದು ಇದ ಮೊದಲ ಸಲ ನೋಡಿದೆ ಅಂದಳು."

ಅನಸೂಯಾಬಾಯಿ ಬಂಡೆಯ ಆಚೆ ನೋಡಿದಳು. ಒದ್ದೆ ಮರಳು, ಅದರಾಚೆ ಮಂಜು. ಕರೆಯಬೇಕೆನಿಸಿತು. ಕಿವುಡಿಯನ್ನು ಕೂಗಿ ಏನು ಫಲ? ಸುಮ್ಮನೆ ಎರಡೂ ಕೈ ಜೋಡಿಸಿದಳು.

ಆಚಾರ್ಯರು ಹರಿಗೋಲಿನ ಬಾಯಿಗೆ ನಿಂತಿದ್ದರು. "ಇನ್ನ ಮ್ಯಾಲೆ ಹೆಸರು ಕೂಗೂದಿಲ್ಲ. ಒಬ್ಬೊಬ್ಬರ ಬಂದು ನನ್ನ ಕೈಯಾಗ ಕೈ ಕೊಡ್ರಿ. ಮುಟ್ಟಿ ಎಣಸ್ತೀನಿ" ಎಂದರು. ಎಲ್ಲರೂ ಸಾಲಾಗಿ ಕೈ ಕೊಟ್ಟು ಹತ್ತಿದರು. ವಿಜಯಾ ಹತ್ತನೆಯವಳು, ಅನಸೂಯಾಬಾಯಿ ಹನ್ನೊಂದನೆಯವಳು. ಅವಳು ಒಳಗೆ ಹೋಗಿ ಕೂತು ತಿರುಗಿ ನೋಡಿದರೆ, ಆಚಾರ್ಯರು ಇನ್ನೂ ಕೈ ಚಾಚಿ ನಿಂತಿದ್ದರು. ಅವರ ಬೆರಳು ನಿಧಾನವಾಗಿ ಮಡಚಿಕೊಂಡವು.

"ಹನ್ನೆರಡು" ಎಂದರು. ಆಮೇಲೆ ತಡೆದು, "ಯಾರವ್ವಾ ಇದು? ಕೈ ಯಾಕ ಇಷ್ಟು ತಣ್ಣಗದ?"

ಮಾರೆಪ್ಪನ ಹುಟ್ಟು ಕೈಯಿಂದ ಜಾರಿತು. ಒಬ್ಬಳು ಹನುಮಪ್ಪನ ಹೆಸರು ಹೇಳಿದಳು.

"ಲೆಕ್ಕ ಬರೋಬರಿ ಅದ, ಆಚಾರ್ರ. ಹತ್ತಿಸಿಕೊಳ್ರಿ" ಎಂದಳು ಅನಸೂಯಾಬಾಯಿ. ಅವಳ ದನಿ ನಡುಗಲಿಲ್ಲ. ವಿಜಯಾಳನ್ನು ತನ್ನ ಕಡೆ ಎಳೆದುಕೊಂಡು, ಪಕ್ಕದಲ್ಲಿ ಒಬ್ಬರು ಕೂಡುವಷ್ಟು ಜಾಗ ಬಿಟ್ಟಳು.