ಹಿಂದಿನ ಚಕ್ರ

ಪಚ್ — ಮುಂದಿನ ಚಕ್ರದಡಿ ನಿಂಬೆಹಣ್ಣು ಒಡೆಯಿತು, ರಸ ಆನಂದಪ್ಪನ ಪಾದಕ್ಕೆ ಸಿಡಿಯಿತು, ತಣ್ಣಗೆ, ಅವತ್ತೂ ಹೀಗೇ ಸಿಡಿದಿತ್ತು, ಹೊಸ ಸೈಕಲ್ಲು ಹೊರಡುವ ಮುಂಚೆ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸದಿದ್ದರೆ ಮತ್ತಿಕೆರೆಯ ಅವನ ಸೈಕಲ್ ಅಂಗಡಿಯಲ್ಲಿ ಯಾರಿಗೂ ಸಮಾಧಾನವಿಲ್ಲ, ಅವತ್ತು ಸೀಟಿನ ಮೇಲೆ ತಮ್ಮ ನಾಗೇಶ, ಇವತ್ತು ಮಗಳು ಲಿಖಿತಾ, ಅದೇ ಸೈಕಲ್ಲು — ಅದೇ ಅಲ್ಲ, ಅದನ್ನು ಆನಂದಪ್ಪನೇ ತುಂಡು ಮಾಡಿ ಗುಜರಿಗೆ ಹಾಕಿ ಮೂವತ್ತು ವರ್ಷವಾಯಿತು, ಆದರೂ ಅದೇ, ಪೆಡಲು ಮುಂದಿನ ಚಕ್ರಕ್ಕೆ, ಹ್ಯಾಂಡಲ್ ತಿರುಗಿಸಿದರೆ ತಿರುಗುವುದು ಹಿಂದಿನ ಚಕ್ರ. ಕಾಲೇಜಿನ ಪ್ರಾಜೆಕ್ಟು ಎಂದು ನಕ್ಷೆ ತಂದು ಅಂಗಡಿಯ ಬೆಂಚಿನ ಮೇಲೆ ಹರಡಿದ್ದಳು, ನೋಡಪ್ಪಾ, ಉದ್ದ ಚೈನೇ ಬೇಡ, ಎಷ್ಟ್ ಸಿಂಪಲ್ಲು, ಇದು ಹೊಳೆದಾಗಿಂದ ನಂಗೆ ನಿದ್ದೇನೇ ಇಲ್ಲ — ನನಗೂ ಹೊಳೆದಿತ್ತು ಮಗಳೇ, ನನಗೂ ನಿದ್ದೆ ಇರಲಿಲ್ಲ, ಬಾಯಿ ಮಾತ್ರ ಚೆನ್ನಾಗಿದೆ ಕಣಮ್ಮ ಅಂದಿತು. ವಾರ ಬಿಟ್ಟು ಮತ್ತೆ ಬಂದಳು, ಮುಂಚೆನೂ ಯಾರ್‍ಯಾರೋ ಮಾಡಿದ್ರಂತೆ ಅಪ್ಪಾ, ಫೋಟೋ ಇದೆ, ಯಾಕ್ ಬಿಟ್ರು ಅಂತ ಮಾತ್ರ ಒಬ್ರೂ ಬರ್ದಿಲ್ಲ. ಯಾರು ಬರೆಯುತ್ತಾರೆ, ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರೇ ಎಲ್ಲ, ಮಾಡಿದವನು ಬೀಳುತ್ತಾನೆ, ಬಿದ್ದವನು ಸುಮ್ಮನಾಗುತ್ತಾನೆ, ಮುಂದಿನವನಿಗೆ ಮತ್ತೆ ಹೊಸದಾಗಿ ಹೊಳೆಯುತ್ತದೆ.

ಅವತ್ತು ಹೆಬ್ಬಾಳದ ಕೆರೆ ಏರಿಯ ಇಳಿಜಾರು, ನಾಗೇಶ ಎರಡು ಸುತ್ತು ಮೆಲ್ಲಗೆ ಹೊಡೆದ, ಏನೂ ಆಗಲಿಲ್ಲ, ಅಣ್ಣಾ ಜೋರಾಗ್ ಬಿಡ್ತೀನಿ ನೋಡು ಅಂದ, ವೇಗ ಏರಿದ ಮೇಲೆ ಹಿಂದಿನ ಚಕ್ರ ಎಡಕ್ಕೆ ಹೊರಳಿತು, ಮತ್ತೆ ನೇರಕ್ಕೆ ಬರಲೇ ಇಲ್ಲ, ಕಲ್ಲು, ತಲೆ, ಸೈಕಲ್ಲು ಅಂಗಾತ, ಗಾಳಿಯಲ್ಲಿ ಸದ್ದಿಲ್ಲದೆ ತಿರುಗುತ್ತಲೇ ಇದ್ದ ಹಿಂದಿನ ಚಕ್ರ. ನಾಗೇಶನಿಗೆ ಲಾರಿ ಗುದ್ದಿತು ಎಂದು ಅವ್ವನಿಗೆ ಹೇಳಿದ, ಹೆಂಡತಿಗೂ ಲಾರಿ, ಮಗಳಿಗೂ ಲಾರಿ, ಗೋಡೆಯ ಫೋಟೋದಲ್ಲಿರುವ ಚಿಕ್ಕಪ್ಪನನ್ನು ಕೊಂದದ್ದು ಲಾರಿ. ಹೇಳಬಹುದಿತ್ತು, ಹೇಳುವ ಬದಲು ಮಗಳ ಸೈಕಲ್ಲಿಗೆ ವೆಲ್ಡಿಂಗ್ ತಾನೇ ಮಾಡಿಕೊಟ್ಟ, ಗಟ್ಟಿಯಾಗಿ ಮಾಡಿದರೆ ಬೀಳುವುದಿಲ್ಲ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡ, ಈಗ ಕಾಲೇಜಿನ ಹಿಂದಿನ ಇಳಿಜಾರಿನ ನೆತ್ತಿಯಲ್ಲಿ ನಿಂತಿದ್ದಾನೆ, ಅವಳು ಎರಡು ಸುತ್ತು ಮೆಲ್ಲಗೆ ಹೊಡೆದು ಬಂದಳು, ಏನೂ ಆಗಲ್ಲ ಅಪ್ಪಾ, ಈಗ ಜೋರಾಗ್ ಬಿಡ್ತೀನಿ ನೋಡ್ತಿರು — ಹೇಳು, ಈಗಲಾದರೂ ಹೇಳು ಮುಟ್ಠಾಳ, ಹೇಳಿದರೆ ಚಿಕ್ಕಪ್ಪನನ್ನು ಕೊಂದವನು ಅಪ್ಪನಾಗುತ್ತಾನೆ, ಹೇಳದಿದ್ದರೆ — ಹೊರಟೇಬಿಟ್ಟಳು, ಜಡೆ ಹಾರುತ್ತಿದೆ, ಬೇಡ, ನಿಲ್ಲು, ಮೂವತ್ತು ವರ್ಷ ಕಚ್ಚಿಕೊಂಡಿದ್ದ ಬಾಯಿ ಕೊನೆಗೂ ಬಿಟ್ಟಿತು, ಬೀದಿಗೆಲ್ಲ ಕೇಳುವಂತೆ ಕೂಗಿದ, ನಾಗೇಶಾ — ಆ ಹೆಸರು ಕೇಳಿ ಮಗಳು ತಿರುಗಿ ನೋಡಿದಳು, ಕತ್ತಿನ ಜೊತೆ ಹ್ಯಾಂಡಲ್ಲೂ ತಿರುಗಿತು, ಹ್ಯಾಂಡಲ್ ಬಲಕ್ಕೆ, ಹಿಂದಿನ ಚಕ್ರ ಎಡಕ್ಕೆ, ಇನ್ನೂ ಎಡಕ್ಕೆ, ಹಿಂದಿನ ಚಕ್ರ, ಗಾಳಿಯಲ್ಲಿ, ಸದ್ದಿಲ್ಲದೆ, ಹಿಂದಿನ ಚಕ್ರ