ಕೆಂಪಮ್ಮನ ಗಂಟು

ಈ ಸಲ ಕೆಂಪಮ್ಮ ನೇರಳೆ ಬಣ್ಣದಲ್ಲಿ ಅರಳಿ ನಿಂತಿದ್ದಳು.

ಕೆಂಪಮ್ಮ ಎಂದರೆ ಹೆಂಗಸಲ್ಲ, ಹಿತ್ತಲ ಗೋಡೆಯ ಪಕ್ಕದ ರೋಡೊಡೆಂಡ್ರಾನ್ ಪೊದೆ. ಆ ಹೆಸರು ಹೇಳಲು ಹೋಗಿ ನಾಲಿಗೆ ತೊಡರಿಸಿಕೊಂಡ ದರ್ಜಿ ಅಮ್ಮ, ಮೊದಲ ಹೂವಿನ ಬಣ್ಣ ನೋಡಿ ಹಾಗೆ ಕರೆದುಬಿಟ್ಟಿದ್ದರು. ಹನ್ನೊಂದು ವರ್ಷದಿಂದ ಅದಕ್ಕೆ ಬಾಣಂತಿಯ ಉಪಚಾರ. ಹುಳಿ ಮಣ್ಣಿನ ಗಿಡವೆಂದು ಹತ್ತಿರಕ್ಕೆ ಸುಣ್ಣ ಸುಳಿಯಲು ಬಿಟ್ಟವರಲ್ಲ. ಬೇರು ಮೇಲುಮೇಲೆಯೇ ಹರಡುತ್ತದೆಂದು ಯಾರಿಗೂ ಬುಡ ಕೆದಕಲು ಕೊಟ್ಟವರಲ್ಲ. ಅಂಥ ಗಿಡ ಹೀಗೆ ಬಣ್ಣ ಬದಲಿಸಿದರೆ ಯಾರ ತಲೆ ಕೆಡುವುದಿಲ್ಲ ಹೇಳಿ!

"ಮೊದಲಿಂದ್ಲೂ ನೇರಳೇನೇ ಇತ್ತೇನೋ ಅಮ್ಮ," ಎಂದಳು ಮಗಳು.

ಮಗಳು ವಾರಕ್ಕೊಮ್ಮೆ ಬಂದು ಹೋಗುವವಳು, ಹೂವನ್ನು ಎಂದೂ ಗಮನಿಸಿದವಳಲ್ಲ. ಆದರೆ ಇತ್ತೀಚೆಗೆ ಅಮ್ಮನನ್ನು ಗಮನಿಸುತ್ತಿದ್ದಳು. ಸೂಜಿಡಬ್ಬಿ ಫ್ರಿಜ್ಜಿನಲ್ಲಿ ಸಿಕ್ಕಿದ ಮೇಲೆ, ಗುರುವಾರಕ್ಕೆ ಮರೆವಿನ ಡಾಕ್ಟರ ಹತ್ತಿರ ಸಮಯ ಗೊತ್ತುಮಾಡಿದ್ದಳು.

"ನಲವತ್ತು ವರ್ಷ ಬಟ್ಟೆಗೆ ನೂಲು ಹೊಂದಿಸಿದ ಕಣ್ಣು ಕಣೇ ಇದು! ಕೆಂಪು ಯಾವುದು ಅಂತ ನೀನು ನಂಗೆ ಹೇಳ್ಕೊಡ್ತೀಯಾ? ನರ್ಸರಿಯವಳನ್ನ ಕರೆಸು. ಕೆಂಪೇ ಇತ್ತು ಅಂತಾದ್ರೆ ನಿನ್ನ ಡಾಕ್ಟರು ಗೀಕ್ಟರು ಎಲ್ಲಾ ಬಂದ್."

ಬಾಯಿ ಜೋರಾಗಿತ್ತೇ ಹೊರತು ಒಳಗೆ ಅನುಮಾನ. ಕಣ್ಣು ಮುಚ್ಚಿದರೆ ಕೆಂಪು, ತೆರೆದರೆ ನೇರಳೆ. ಗಿಡಕ್ಕೆ ಮರುಳೋ, ತನಗೆ ಮರುಳೋ? ಕೆಂಪು ಹೂವು ಕನಸಾಗಿದ್ದರೆ ಇನ್ನೂ ಏನೇನು ಕನಸು? ತೀರಿಹೋದ ಗಂಡ ಈ ಹೂ ನೋಡಿ ನಕ್ಕಿದ್ದೂ ಕನಸೇ? ಅಮ್ಮನಿಗೆ ನಿಜಕ್ಕೂ ಭಯವಾಯಿತು.

ಮರುದಿನ ಬೆಳಿಗ್ಗೆ ನರ್ಸರಿಯವಳು ಬಂದಳು. ಈ ಹಿತ್ತಲಿಗೆ ಅವಳು ಬಂದದ್ದು ಇದೇ ಮೊದಲು. ಮಂಡಿಯೂರಿ, ದಪ್ಪ ಹಸಿರೆಲೆಗಳನ್ನು ಸರಿಸಿ ಪೊದೆಯೊಳಗೆ ತಲೆ ತೂರಿಸಿದಳು.

"ಇದು ಕಸಿ ಗಿಡ ಅಮ್ಮ. ಬುಡ ಒಂದು ಜಾತಿ, ಮೇಲಿಂದು ಇನ್ನೊಂದು. ಬುಡದ ಚಿಗುರು ನೇರಳೆ. ಅದು ಎದ್ದು ಮೇಲಿಂದನ್ನ ಮುಚ್ಚಾಕ್ಬಿಟ್ಟಿದೆ. ಬನ್ನಿ, ಇಲ್ನೋಡಿ."

ನಡುವೆ ಬಡಕಲು ಕೊಂಬೆಯೊಂದರ ತುದಿಯಲ್ಲಿ ಹೂಗೊಂಚಲು. ಕೆಂಪು. ಅಪ್ಪಟ ಕೆಂಪು.

"ನೋಡ್ದೆಯೇನೇ!" ಎಂದು ಅಮ್ಮ ಕೂಗಿದ ಕೂಗಿಗೆ ಗೋಡೆಯ ಮೇಲಿದ್ದ ಬೆಕ್ಕು ಕಾಲಿಗೆ ಬುದ್ಧಿ ಹೇಳಿತು. ಮಗಳ ಕಣ್ಣಲ್ಲಿ ನೀರು. "ತಪ್ಪಾಯ್ತಮ್ಮ. ಈಗ್ಲೇ ಫೋನ್ ಮಾಡಿ ಬೇಡ ಅಂದ್ಬಿಡ್ತೀನಿ," ಎಂದು ಮೊಬೈಲು ತೆಗೆದಳು.

ನರ್ಸರಿಯವಳು ಇನ್ನೂ ಬುಡದಲ್ಲೇ ಇದ್ದಳು. "ಹೋದ ವರ್ಷವೇ ಯಾರೋ ಈ ಚಿಗುರುಗಳನ್ನ ಕತ್ತರಿಸಿದಾರೆ. ಬುಡದಿಂದ ಕಿತ್ತು ತೆಗೀಬೇಕಿತ್ತು, ಕತ್ತರಿಸಿದ್ರೆ ಒಂದಕ್ಕೆರಡು ಬರುತ್ತೆ. ಆದ್ರೂ ತಿಳಿದೋರೇ. ಕೆಂಪು ಕೊಂಬೆಗೆ ಗುರುತಿಗೆ ದಾರ ಕಟ್ಟಿದಾರೆ."

ಅಮ್ಮ ಬಗ್ಗಿ ನೋಡಿದರು. ಬಿಸಿಲಿಗೆ ಮಾಸಿದ ಕೆಂಪು ನೂಲು. ಎರಡು ಸುತ್ತು ಹಾಕಿ, ತುದಿಯನ್ನು ಹಿಂದಕ್ಕೆ ತೂರಿಸಿ ಎಳೆದ ಗಂಟು. ಅಮ್ಮನ ಹೊಲಿಗೆ ಅಂಗಡಿಗೆ ಕಲಿಯಲು ಬಂದ ಹುಡುಗಿಯರು ಎಷ್ಟು ತಿಣುಕಿದರೂ ಒಬ್ಬಳ ಕೈಗೂ ಹತ್ತದ ಗಂಟು ಅದು.

ಯಾವಾಗ ಕಟ್ಟಿದ್ದು? ಎಷ್ಟು ತಡಕಿದರೂ ಏನೂ ಸಿಗಲಿಲ್ಲ. ನೇರಳೆ ಚಿಗುರು ಕಂಡದ್ದಾಗಲಿ, ಕತ್ತರಿ ಹಿಡಿದದ್ದಾಗಲಿ, ಮಣ್ಣಿನಲ್ಲಿ ಕೂತದ್ದಾಗಲಿ, ಒಂದೂ ಇಲ್ಲ. ಆ ಗಂಟಿನ ಗುಟ್ಟು ಮಗಳಿಗೆ ಗೊತ್ತಿರಲಿಲ್ಲ. ಸುಮ್ಮನಿದ್ದುಬಿಟ್ಟರೆ ಪಂದ್ಯ ಗೆದ್ದಂತೆಯೇ. ಅಮ್ಮ ಆ ಗಂಟನ್ನು ಬೆರಳಲ್ಲಿ ಒಮ್ಮೆ ಸವರಿದರು.

ಮಗಳು ಫೋನನ್ನು ಆಗಲೇ ಕಿವಿಗಿಟ್ಟಿದ್ದಳು.

"ಇಡೇ ಫೋನು," ಎಂದರು ಅಮ್ಮ. "ಈ ಗಂಟು ನಂದೇ. ಕಟ್ಟಿದ್ದು ಮಾತ್ರ ನೆನಪಿಲ್ಲ. ಗುರುವಾರ ಎಷ್ಟು ಗಂಟೆಗೆ ಅಂದೆ?"