ಹಳ್ಳದ ಮಾತು ಅಳಿಸಿದ ಕೈ

"ಇಲ್ಲಿ ನಂದು ಇನ್ನೂ ಐದಾರು ಸಾಲು ಇದೆಯಲ್ಲ, ನೀವ್ಯಾಕೆ ಮುಂದಕ್ಕೆ ಹಾರಿದ್ರಿ?" ಎಂದು ತಾಲೀಮಿನ ನಡುವೆ ನರ್ಸಮ್ಮ ಕೇಳಿದಾಗ ನಾನು ಮೊದಲು ನನ್ನ ಕಣ್ಣನ್ನೇ ಅನುಮಾನಿಸಿದೆ. ಇಡೀ ದಿನ ಶಾಲೆಯ ಕಚೇರಿಯಲ್ಲಿ ಟೈಪು ಮಾಡಿ ಬಂದ ಕಣ್ಣು. ಸಾಲು ಹಾರಿಸಿದ್ದರೆ ಆಶ್ಚರ್ಯವೇನಿಲ್ಲ. ನೋಟ್‌ಬುಕ್ಕನ್ನು ದೀಪದ ಹತ್ತಿರ ಹಿಡಿದೆ. ಹಾರಿಸಿರಲಿಲ್ಲ. ಸಾಲುಗಳೇ ಅಲ್ಲಿರಲಿಲ್ಲ. ಪೆನ್ಸಿಲ್ಲಿನ ಬರಹವನ್ನು ಯಾರೋ ಅಳಿಸಿದ್ದರು.

ನಮ್ಮ ಮಹಿಳಾ ನಾಟಕ ತಂಡದಲ್ಲಿ ಯಾರ ಕೈಗೂ ಪೂರ್ತಿ ನಾಟಕ ಕೊಡುವ ಪದ್ಧತಿಯಿಲ್ಲ. ಪಾತ್ರಧಾರಿಗೆ ಅವಳ ಮಾತು, ಅದಕ್ಕೆ ಮೊದಲು ಎದುರಿನವಳು ಆಡುವ ಕೊನೆಯ ಮೂರು ಪದ, ಇಷ್ಟನ್ನು ಉದ್ದನೆಯ ಚೀಟಿಯಲ್ಲಿ ಬರೆದು ಕೊಡುತ್ತೇವೆ. ಬಸ್ಸಿನಲ್ಲಿ, ಒಲೆಯ ಮುಂದೆ, ಆಸ್ಪತ್ರೆಯ ಪಾಳಿಯಲ್ಲಿ ಬಾಯಿಪಾಠ ಮಾಡುವವರಿಗೆ ಅಷ್ಟೇ ಸಾಕು. ಪೂರ್ತಿ ನಾಟಕ ಇರುವುದು ಒಂದೇ ನೋಟ್‌ಬುಕ್ಕಿನಲ್ಲಿ. ಅದು ಪರದೆಯ ಪಕ್ಕ ಸ್ಟೂಲಿನ ಮೇಲೆ ಕೂತು, ಮರೆತ ಮಾತನ್ನು ಪಿಸುಗುಟ್ಟಿ ಪ್ರಾಂಪ್ಟ್ ಮಾಡುವ ನನ್ನ ಕೈಯಲ್ಲಿ. ನೋಟ್‌ಬುಕ್ಕಿನಲ್ಲಿ ಇಲ್ಲದ್ದು ನಾಟಕದಲ್ಲೂ ಇಲ್ಲ. ಅದು ಎಲ್ಲರೂ ಒಪ್ಪಿಕೊಂಡ ಮಾತು.

ನಾಟಕ ಬರೆದವಳು ನನ್ನ ದೊಡ್ಡಮ್ಮ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು, ಈಗ ನನ್ನ ಮನೆಯಲ್ಲೇ ಇರುವವಳು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಾಗಿ ಇಪ್ಪತ್ತು ವರ್ಷ ಹಳ್ಳದಲ್ಲಿ ನಿಂತು ಬಟ್ಟೆಯ ಥಾನು ಜಾಲಿಸಿದ್ದಾಳೆ. ಉಗುರಿನ ಬುಡದ ನೀಲಿ ಇನ್ನೂ ಹೋಗಿಲ್ಲ. ನಾಟಕದಲ್ಲಿ ಆ ಹಳ್ಳವೇ ಒಂದು ಪಾತ್ರ, ನರ್ಸಮ್ಮನದು. ಮಾಯವಾದದ್ದು ಕೊನೆಯ ದೃಶ್ಯದಲ್ಲಿ ಹಳ್ಳ ಜನರ ಮುಂದೆ ಬಂದು ಆಡುವ ಮಾತಿನ ಮೊದಲ ಭಾಗ. ಆ ಮಾತಿಗಾಗಿಯೇ ಉಳಿದದ್ದನ್ನೆಲ್ಲ ಬರೆದೆ ಎಂದು ದೊಡ್ಡಮ್ಮ ನನಗೆ ಎಷ್ಟೋ ಸಲ ಹೇಳಿದ್ದಳು.

ನನ್ನ ಅನುಮಾನ ನೆಟ್ಟಗೆ ಮೇಷ್ಟ್ರ ಮೇಲೆ ಹೋಯಿತು. ಸಾಹಿತ್ಯದ ನಿವೃತ್ತ ಮೇಷ್ಟ್ರು, ನಮ್ಮ ನಿರ್ದೇಶಕರು. ಮಹಿಳಾ ತಂಡಕ್ಕೆ ಗಂಡಸು ನಿರ್ದೇಶಕನೇ ಎಂದು ಕೇಳಿದವರಿಗೆ, ಕುರ್ಚಿ ಎತ್ತಿಡಲು ಯಾರಾದರೂ ಬೇಕಲ್ಲ ಎಂದು ದೊಡ್ಡಮ್ಮ ಉತ್ತರಿಸುತ್ತಿದ್ದಳು. ಹೆಣ್ಣು ಮತ್ತು ನಿಸರ್ಗ ಎರಡೂ ಒಂದೇ, ಎರಡೂ ಸಹನೆಯ ಮೂರ್ತಿಗಳು, ಹಳ್ಳ ತಾಯಿಯಂತೆ ಎಲ್ಲರನ್ನೂ ಕ್ಷಮಿಸಬೇಕು ಎಂದು ಅವರು ಮೊದಲ ದಿನವೇ ಅರ್ಧ ಗಂಟೆ ಮಾತಾಡಿದ್ದರು. ದೊಡ್ಡಮ್ಮ ಸೂಜಿಗೆ ದಾರ ಪೋಣಿಸುತ್ತ ಕೂತಿದ್ದವಳು ತಲೆಯೆತ್ತದೆ, "ಹಳ್ಳ ಹೆಣ್ಣೇ ಆದ್ರೆ ಅದಕ್ಕೆ ವಾರಕ್ಕೊಂದು ರಜಾ ಕೊಡ್ಸಿ ಮೇಷ್ಟ್ರೇ" ಅಂದಿದ್ದಳು. ಎಲ್ಲರೂ ನಕ್ಕಿದ್ದರು, ಮೇಷ್ಟ್ರೂ ನಕ್ಕಿದ್ದರು. ಅವರ ನಗು ಉಳಿದವರಿಗಿಂತ ಬೇಗ ಮುಗಿದದ್ದು ಈಗ ನೆನಪಿಗೆ ಬಂತು. ಸಭಾಂಗಣವೂ ಅದೇ ಕಾರ್ಖಾನೆಯದು. ಅದನ್ನು ಕೇಳಿ ಕೊಡಿಸಿದವರು ಅವರೇ. ಚಹಾದ ವೇಳೆ ನೋಟ್‌ಬುಕ್ಕು ಸ್ಟೂಲಿನ ಮೇಲಿರುತ್ತದೆ, ಮೇಷ್ಟ್ರು ಅದರ ಪಕ್ಕದಲ್ಲೇ ಕನ್ನಡಕ ಒರೆಸುತ್ತ ಕೂತಿರುತ್ತಾರೆ.

ಯಾರಿಗೂ ಏನೂ ಹೇಳಲಿಲ್ಲ. ನರ್ಸಮ್ಮನಿಗೂ ಆಮೇಲೆ ನೋಡೋಣ ಎಂದಷ್ಟೇ ಹೇಳಿದೆ. ಮರುದಿನದಿಂದ ಚಹಾಕ್ಕೆ ಹೋಗುವಾಗ, ಕೈ ತೊಳೆಯಲು ಹೋಗುವಾಗ ಕೂಡ ನೋಟ್‌ಬುಕ್ಕು ನನ್ನ ಕಂಕುಳಲ್ಲೇ. ಮೇಷ್ಟ್ರು ಅದನ್ನು ನೋಡಿ, ಅದೇನಮ್ಮಾ ಕೂಸಿನ ಥರ ಎತ್ಕೊಂಡು ತಿರುಗ್ತೀಯ ಎಂದು ತಮಾಷೆ ಮಾಡಿದರು. ಕಳ್ಳನಿಗೆ ಹೊಟ್ಟೆ ಉರಿಯುತ್ತಿದೆ ಎಂದುಕೊಂಡು ಒಳಗೊಳಗೇ ಹಿಗ್ಗಿದೆ.

ಮೂರನೆಯ ದಿನ ಆ ಮಾತಿನ ಉಳಿದರ್ಧವೂ ಹೋಗಿತ್ತು.

ಸಭಾಂಗಣದಲ್ಲಿ ನೋಟ್‌ಬುಕ್ಕು ನನ್ನ ಕೈ ಬಿಟ್ಟಿರಲಿಲ್ಲ. ದಾರಿಯಲ್ಲಿ ಚೀಲ ಹೆಗಲು ಬಿಟ್ಟಿರಲಿಲ್ಲ. ಉಳಿದದ್ದು ಮನೆ. ಹಾಳೆಯನ್ನು ಮೂಗಿನ ಹತ್ತಿರ ತಂದೆ. ಅಳಿಸಿದ ಜಾಗದಿಂದ ಕಿತ್ತಳೆ ಮಿಠಾಯಿಯ ವಾಸನೆ ಬಂತು. ಅದು ನನ್ನ ಮಗಳ ರಬ್ಬರು. ತಿನ್ನಬೇಡ ಎಂದು ನಾನೇ ನಾಲ್ಕು ಸಲ ಬೈದಿದ್ದೆ.

ನಮ್ಮ ಮನೆಯವರು ಅದೇ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾರೆ. ಒಂಬತ್ತು ವರ್ಷ ದಿನಗೂಲಿಯಲ್ಲಿ ಇದ್ದವರಿಗೆ ಆ ತಿಂಗಳ ಕೊನೆಗೆ ಕಾಯಂ ಆದೇಶ ಬರಬೇಕಿತ್ತು. ಆ ವಾರವೆಲ್ಲ ಅವರು ಊಟಕ್ಕೆ ಕೂತಾಗ ನನ್ನ ಮುಖ ನೋಡಿರಲಿಲ್ಲ. ನಾಟಕ ಹೇಗಿದೆ ಎಂದು ಒಂದು ಸಲವೂ ಕೇಳಿರಲಿಲ್ಲ. ದಣಿವು ಎಂದುಕೊಂಡಿದ್ದೆ. ಈಗ ಒಂದೊಂದೂ ಲೆಕ್ಕಕ್ಕೆ ಬಂತು.

ಮರುದಿನ ಬೆಳಿಗ್ಗೆ ಮಗಳ ಜಡೆ ಹಾಕುತ್ತ, ನಿನ್ನ ಕಿತ್ತಳೆ ರಬ್ಬರು ಅಪ್ಪ ತಗೊಂಡ್ರಾ ಎಂದು ಕೇಳಿದೆ. ಅವಳು ಇಲ್ಲವೆಂದು ತಲೆಯಾಡಿಸಿದ ರಭಸಕ್ಕೆ ಕೂದಲು ಕೈ ತಪ್ಪಿತು.

"ಅಜ್ಜಿ ಕೇಳಿದ್ರು. ಯಾರಿಗೂ ಹೇಳ್ಬೇಡ ಅಂತ ಹೊಸ ಪೆನ್ಸಿಲ್ಲೂ ಕೊಟ್ರು."

ದೊಡ್ಡಮ್ಮ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಹಳ್ಳದ ಉಡುಪಿಗೆ ಅಂಚು ಕೂರಿಸುತ್ತಿದ್ದಳು. ನಾನು ನೋಟ್‌ಬುಕ್ಕನ್ನು ಬಟ್ಟೆಯ ಮೇಲಿಟ್ಟೆ. ಅವಳು ತುಳಿಯುವುದನ್ನು ನಿಲ್ಲಿಸಲಿಲ್ಲ.

"ನಾನು ಬರೆದದ್ದು, ನಾನು ಅಳಿಸಿದೆ. ಅದಕ್ಕೆ ನಿನ್ನ ಅಪ್ಪಣೆ ಬೇಕಾ?"

"ಮೇಷ್ಟ್ರು ಹೇಳಿದ್ರಾ?"

"ಅವರು ಹೇಳಿದ್ದಿದ್ರೆ ಇನ್ನೂ ನಾಲ್ಕು ಸಾಲು ಸೇರಿಸ್ತಿದ್ದೆ."

ಅವಳು ಬಾಗಿಲಾಚೆ, ಹೊರಗೆ ಸೈಕಲ್ಲು ಒರೆಸುತ್ತಿದ್ದ ನಮ್ಮ ಮನೆಯವರ ಕಡೆ ಒಂದು ಸಲ ನೋಡಿ ದಾರ ಕತ್ತರಿಸಿದಳು.

ಹೊರಗೆ ಹೋಗಿ ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. ಕಚೇರಿಯಲ್ಲಿ ಮ್ಯಾನೇಜರು ಅವರನ್ನು ಕರೆದು ಕುರ್ಚಿ ಕೊಟ್ಟು ಕೂರಿಸಿದರಂತೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಕುರ್ಚಿ. ನಿಮ್ಮ ಮನೆಯವರ ನಾಟಕದಲ್ಲಿ ನಮ್ಮ ವಿಚಾರ ಏನಾದರೂ ಇದೆಯಾ ಎಂದು ಕೇಳಿದರಂತೆ.

"ಇಲ್ಲ ಅಂದೆ," ಎಂದರು ಸೈಕಲ್ಲಿನ ಕಡೆ ನೋಡುತ್ತಲೇ.

"ಇದೆ ಅಂತ ನಿಮಗೆ ಗೊತ್ತಿತ್ತು."

"ಇಲ್ಲ ಅಂದ ಮೇಲೆ ಇರಬಾರದಲ್ಲ. ದೊಡ್ಡಮ್ಮಂಗೆ ಹೇಳ್ದೆ. ನಿಂಗೆ ಹೇಳಿದ್ರೆ ನೀನು ಇಡೀ ಊರಿಗೆ ಕೇಳೋ ಹಾಗೆ ಪ್ರಾಂಪ್ಟ್ ಮಾಡ್ತಿದ್ದೆ."

ನಾಟಕದ ಮಾತು ಕಚೇರಿಯವರೆಗೆ ಹೇಗೆ ಹೋಯಿತು ಎಂಬುದು ಅವರಿಗೂ ತಿಳಿದಿರಲಿಲ್ಲ. ಮೇಷ್ಟ್ರೇ ಎಂದು ನನಗೆ ಇವತ್ತಿಗೂ ಗುಮಾನಿ. ಆದರೆ ನನ್ನ ಗುಮಾನಿ ಆಗಲೇ ಒಂದು ಸಲ ದಾರಿ ತಪ್ಪಿದ್ದರಿಂದ ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ.

ಸಿಟ್ಟು ಬಂದದ್ದು ಗಂಡನ ಮೇಲಲ್ಲ, ದೊಡ್ಡಮ್ಮನ ಮೇಲೆ. ಮನೆ ಉಳಿಯಲಿ ಎಂದು ಬಾಯಿ ಮುಚ್ಚಿಕೊಂಡ ಹೆಂಗಸರ ಕಥೆಯನ್ನೇ ಬರೆದವಳು ಅವಳು. ಅದನ್ನೇ ಹೇಳಿದೆ. ಅವಳು, ಬರೆಯುವಾಗ ತಾನು ಒಬ್ಬಳೇ ಇದ್ದೆ, ಅಳಿಸುವಾಗ ಮೊಮ್ಮಗಳು ಪಕ್ಕದಲ್ಲಿ ಮಲಗಿದ್ದಳು ಎಂದಳು. ಕಾಯಂ ಆದೇಶ ನನಗೂ ಬೇಕಿತ್ತು.

ಭಾನುವಾರ ಮಧ್ಯಾಹ್ನ ಪ್ರದರ್ಶನ. ಮುಂದಿನ ಸಾಲಿನಲ್ಲಿ ಕಾರ್ಖಾನೆಯವರಿಗೆಂದು ನಾಲ್ಕು ಕುರ್ಚಿ ಹಾಕಿಸಿದ್ದರು. ಮೂರರಲ್ಲಿ ಮ್ಯಾನೇಜರು ಮತ್ತು ಇಬ್ಬರು. ನಾಲ್ಕನೆಯದರಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಮೊಣಕಾಲುಗಳನ್ನು ಒತ್ತಿಕೊಂಡು ನಮ್ಮ ಮನೆಯವರು. ಅವರನ್ನು ಅಲ್ಲಿ ಯಾಕೆ ಕೂರಿಸಿಕೊಂಡಿದ್ದಾರೆ ಎಂದು ಪರದೆಯ ಪಕ್ಕದಿಂದ ನೋಡಿದ ಕೂಡಲೇ ತಿಳಿಯಿತು: ಕಾರ್ಖಾನೆಯ ವಿಚಾರ ಬಂದರೆ ಅಲ್ಲೇ ಅವರನ್ನು ಕೇಳಲು.

ನರ್ಸಮ್ಮನಿಗೆ ಸಾಲು ಅಳಿಸಿರುವುದನ್ನು ಹೇಳಿದ್ದೆ. ಯಾರು, ಯಾಕೆ ಎಂದು ಹೇಳಿರಲಿಲ್ಲ. ತನ್ನ ಚೀಟಿ ತನಗೆ ಬಾಯಿಪಾಠ, ಆದರೆ ನೋಟ್‌ಬುಕ್ಕು ಏನು ಹೇಳುತ್ತೋ ಅದು, ಎಂದಿದ್ದಳು ಅವಳು. ಪದ್ಧತಿ ಪದ್ಧತಿಯೇ.

ಕೊನೆಯ ದೃಶ್ಯ ಬಂತು. ಥಾನು ಜಾಲಿಸುವ ಹೆಂಗಸಿನ ಪಾತ್ರದವಳು "ನೀನಾದ್ರೂ ಮಾತಾಡು ತಾಯಿ" ಎಂದು ಬಾಗಿದಳು. ಅದೇ ಮೂರು ಪದ. ನರ್ಸಮ್ಮ ಎರಡು ಹೆಜ್ಜೆ ಮುಂದೆ ಬಂದು ನಿಂತಳು. ಮುಖವನ್ನು ಸ್ವಲ್ಪವೇ ನನ್ನತ್ತ ತಿರುಗಿಸಿ ಕಾದಳು.

ನನ್ನ ಮುಂದೆ ಖಾಲಿ ಹಾಳೆ. ಪೂರ್ತಿ ಖಾಲಿಯೂ ಅಲ್ಲ. ದೊಡ್ಡಮ್ಮ ಪೆನ್ಸಿಲ್ಲನ್ನು ಒತ್ತಿ ಬರೆಯುವವಳು. ಥಾನು ಹಿಂಡಿದ ಕೈ. ರಬ್ಬರು ಬಣ್ಣವನ್ನು ತೆಗೆದಿತ್ತು, ಗೀರನ್ನು ತೆಗೆದಿರಲಿಲ್ಲ. ದೀಪ ಓರೆಯಾಗಿ ಬಿದ್ದಾಗ ಒಂದೊಂದು ಅಕ್ಷರದ ತಗ್ಗೂ ಕಾಣುತ್ತಿತ್ತು. ನಾನು ಓದಬಹುದಿತ್ತು. ಮುಂದಿನ ಸಂಭಾಷಣೆಗೆ ಹಾರಿಬಿಡಲೂಬಹುದಿತ್ತು. ಸಭೆಯಲ್ಲಿ ಯಾರೋ ಕೆಮ್ಮಿದರು. ಮೇಷ್ಟ್ರು ಆಚೆ ಬದಿಯಿಂದ ಮುಂದಕ್ಕೆ ಹೋಗು ಎಂಬಂತೆ ಕೈ ಬೀಸಿದರು.

ದೊಡ್ಡಮ್ಮ ನನ್ನ ಹಿಂದೆ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿ ನಿಂತಿದ್ದಳು. ನೋಟ್‌ಬುಕ್ಕನ್ನು ಅವಳ ಕೈಗೆ ಕೊಟ್ಟೆ. ಬರೆದದ್ದೂ ಅವಳೇ, ಅಳಿಸಿದ್ದೂ ಅವಳೇ.

ಅವಳು ಕನ್ನಡಕ ಹುಡುಕಲಿಲ್ಲ. ನೀಲಿ ಬುಡದ ಉಗುರನ್ನು ಹಾಳೆಯ ಮೇಲೆ ಒಂದು ಸಲ ಎಳೆದಳು. ಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿದಳು. ಪ್ರಾಂಪ್ಟ್ ಮಾಡುವವರು ಪಿಸುಗುಡಬೇಕು ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

"ನನ್ನನ್ನ ತಾಯಿ ಅನ್ನಬೇಡಿ," ಎಂದಳು, ಹಿಂದಿನ ಸಾಲಿಗೂ ಕೇಳುವಂತೆ. "ತಾಯಿ ಅಂದ ದಿನದಿಂದಲೇ ನಿಮ್ಮ ಕೊಳೆಯೆಲ್ಲ ನನ್ನ ಪಾಲಿಗೆ ಬಂತು."

ನರ್ಸಮ್ಮ ಅದನ್ನು ಎತ್ತಿಕೊಂಡಳು. ಆಮೇಲೆ ಅವಳಿಗೆ ಯಾರ ಸಹಾಯವೂ ಬೇಕಾಗಲಿಲ್ಲ. "ಕ್ಷಮಿಸೋದು ನನ್ನ ಕೆಲಸ ಅಲ್ಲ. ನಾನೂ ಕೂಲಿಯವಳು, ಇವಳ ಜೊತೆ ನಿಂತು ಬಟ್ಟೆ ಜಾಲಿಸಿದವಳು. ಸೋಮವಾರ ಕೆಂಪು ಕುಡಿದೆ, ಬುಧವಾರ ನೀಲಿ ಕುಡಿದೆ. ಬಿಟ್ಟವರು ಯಾರು ಅಂತ ನನಗೆ ಗೊತ್ತು. ಇಲ್ಲಿ ಕೂತವರಿಗೂ ಗೊತ್ತು."

ಚಪ್ಪಾಳೆ ಬರಲಿಲ್ಲ. ಕುರ್ಚಿಯೊಂದು ಕಿರ್ರೆಂದಿತು. ಮ್ಯಾನೇಜರು ನಮ್ಮ ಮನೆಯವರ ಕಡೆ ಬಾಗಿ ಏನೋ ಕೇಳಿದರು. ಹನ್ನೊಂದು ವರ್ಷದಿಂದ ಆಡುವವರ ತುಟಿ ನೋಡಿ ಮುಂದಿನ ಮಾತು ಕೊಡುವುದೇ ನನ್ನ ಕೆಲಸ. ಅಷ್ಟು ದೂರದಿಂದಲೂ ಕಣ್ಣು ಅಲ್ಲೇ ನೆಟ್ಟಿತು. ನಮ್ಮ ಮನೆಯವರು ಮೊದಲು ವೇದಿಕೆಯ ಕಡೆ, ಪರದೆಯ ಸಂದಿನ ಕಡೆ ನೋಡಿದರು. ನನ್ನನ್ನು ಕಂಡರೋ ಇಲ್ಲವೋ ತಿಳಿಯದು. ಮೊಣಕಾಲ ಮೇಲಿನ ಕೈ ತೆಗೆದು, ಮ್ಯಾನೇಜರ ಕಡೆ ತಿರುಗಿ ಹೇಳಿದರು. ಅವರ ತುಟಿಗಳು ಮುಂದೆ ಬಂದು ಗುಂಡಗಾದವು.

ಹೌದು, ಎಂದಿದ್ದರು.

ದೊಡ್ಡಮ್ಮ ನೋಟ್‌ಬುಕ್ಕನ್ನು ನನ್ನ ಮಡಿಲಿಗೆ ಹಾಕಿ, ಸೆರಗಿನ ಸೂಜಿಗಳನ್ನು ಮತ್ತೆ ತುಟಿಗೆ ಕಚ್ಚಿಕೊಂಡಳು. ಮುಂದಿನ ಸಂಭಾಷಣೆ ಯಾರದೆಂದು ನೋಡಲು ನಾನು ಆತುರದಲ್ಲಿ ಹಾಳೆ ಮಗುಚಿದೆ.